ಮಗ ಬೈಕಿಗೆ ದೊಡ್ಡ ವಾಲ್ವ್ ಹಾಕಿಸಲು ಸಾಲ ಕೇಳಿದರೆ

ಸಂಘದ ಸಾಲ ಕೊಡೋ ಮೊದಲು ಕೆಲಸ ಏನೆಂದು ತಿಳಿಯಬೇಕಲ್ಲವೇ? ವಾಲ್ವ್ ಎಂದರೆ ಇಂಜಿನ್ನಿನ ಬಾಗಿಲು. ಒಂದು ಗಾಳಿ-ಪೆಟ್ರೋಲನ್ನು ಒಳಗೆ ಬಿಡುತ್ತೆ, ಇನ್ನೊಂದು ಹೊಗೆಯನ್ನು ಹೊರಗೆ ಕಳಿಸುತ್ತೆ. (ಮೈಸೂರಿನಲ್ಲಿ 1996ರವರೆಗೆ ತಯಾರಾದ ಟೂ-ಸ್ಟ್ರೋಕ್ ಯೆಜ್ಡಿಗೆ ಈ ವಾಲ್ವೇ ಇರಲಿಲ್ಲ!) ಬಾಗಿಲು ದೊಡ್ಡದಾದರೆ ಶಕ್ತಿ ಹೆಚ್ಚೋದು ನಿಜ, ಆದರೆ ಇಂಜಿನ್ ಜೋರಾಗಿ ತಿರುಗುವಾಗ ಮಾತ್ರ. ಕೊಡಿಗೇಹಳ್ಳಿ ಗೇಟಿನ ಟ್ರಾಫಿಕ್ಕಲ್ಲಿ ತೆವಳುವಾಗ ಎಳೆತ ಕಡಿಮೆಯೇ ಆದೀತು.

ಕಾನೂನೂ ಇದೆ. 2019ರ ತಿದ್ದುಪಡಿಯಂತೆ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂ. ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಆರ್.ಸಿ. ನಿಮ್ಮ ಹೆಸರಲ್ಲಿದ್ದರೆ ಮಾಲೀಕರು ನೀವೇ!

ಗಾಡಿ ಸೊರಗಿದ್ದರೆ ಮೊದಲು ಈಗಿರುವ ವಾಲ್ವಿನ ಸಂದು ನೋಡಿಸಿ. ತೀರಾ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತೆ. ಸಂದು ಸರಿಮಾಡಿಸೋಕೆ ಸಂಘದ ಸಾಲ ಬೇಕಾಗೋದಿಲ್ಲ.