ಮೊಬೈಲ್‌ನಲ್ಲಿ ಕಲಿಕೆ, ಕೊಟ್ಟಿಗೆಯಲ್ಲಿ ಗಳಿಕೆ



ದೇಶ ಸುತ್ತು, ಕೋಶ ಓದು ಎನ್ನುತ್ತಾರೆ. ಎರಡು ಹೊತ್ತೂ ಹಾಲು ಕರೆಯಬೇಕಾದ ಹೈನುಗಾರರಿಗೆ ಎರಡೂ ಸುಲಭವಲ್ಲ. ಮೂರು ದಿನದ ತರಬೇತಿಗೆ ಹೋಗಬೇಕೆಂದರೆ ಹಾಲು ಹಿಂಡುವವರು ಯಾರು, ಮೇವು ಹಾಕುವವರು ಯಾರು ಎಂಬ ಚಿಂತೆ. ಕೊಟ್ಟಿಗೆಯ ಹೆಚ್ಚಿನ ಕೆಲಸ ಹೊರುವ ಹೆಣ್ಣುಮಕ್ಕಳಿಗಂತೂ ಮನೆ ಬಿಟ್ಟು ಹೊರಡುವುದೇ ಕಷ್ಟ. ಹೀಗಾಗಿ ಹಸುವಿನ ಜೊತೆ ದಿನವಿಡೀ ಇರುವವರೇ ತರಬೇತಿಯಿಂದ ದೂರ ಉಳಿಯುತ್ತಾರೆ. ಈ ಕೊರತೆಯನ್ನು ಆನ್‌ಲೈನ್ ಪಾಠಗಳು ಬಹುಮಟ್ಟಿಗೆ ತುಂಬಬಲ್ಲವು. ಆದರೆ ನೋಡಿದ್ದೆಲ್ಲ ಕಲಿಕೆಯಲ್ಲ. ಪಾಠ ಕೊಟ್ಟಿಗೆಗೆ ಇಳಿದಾಗ ಮಾತ್ರ ಅದರಿಂದ ಲಾಭ.

ಆನ್‌ಲೈನ್ ಪಾಠದ ಪ್ರಯೋಜನಗಳು

1. ಸಮಯ ನಮ್ಮ ಕೈಯಲ್ಲಿ. ಬೆಳಗಿನ ಹಾಲು ಡೈರಿಗೆ ಹಾಕಿ ಬಂದ ಮೇಲೆ ಅಥವಾ ರಾತ್ರಿ ಊಟದ ನಂತರ 15 ನಿಮಿಷ ಸಿಕ್ಕರೂ ಸಾಕು.

2. ಅರ್ಥವಾಗುವವರೆಗೆ ನೋಡಬಹುದು. ಕೆಚ್ಚಲು ಬಾವಿನ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ನಾಲ್ಕು ಬಟ್ಟಲುಗಳ ತಟ್ಟೆಗೆ ನಾಲ್ಕು ಮೊಲೆಗಳ ಹಾಲನ್ನು ಬೇರೆಬೇರೆಯಾಗಿ ಹಿಂಡಿ, ಹಾಲಿನಷ್ಟೇ ಪರೀಕ್ಷಾ ದ್ರಾವಣ ಸೇರಿಸಿ, ಮೆಲ್ಲಗೆ ತಿರುಗಿಸಬೇಕು. ಹಾಲು ಲೋಳೆಯಂತೆ ಗಟ್ಟಿಯಾದರೆ ಆ ಮೊಲೆಯಲ್ಲಿ ಬಾವು ಶುರುವಾಗಿರುವ ಸೂಚನೆ. ಎಷ್ಟು ಗಟ್ಟಿ ಎಂಬುದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಕಣ್ಣಲ್ಲಿ ನೋಡಿದರೆ ಬೇಗ ತಿಳಿಯುತ್ತದೆ. ವಿಡಿಯೊವನ್ನು ಹತ್ತು ಸಲ ಹಿಂದಕ್ಕೆ ಓಡಿಸಿದರೂ ಬೇಸರಪಡುವವರಿಲ್ಲ.

3. ಮನೆಮಂದಿಯೆಲ್ಲ ಕಲಿಯಬಹುದು. ಓದು ಬಾರದ ಹಿರಿಯರೂ ನೋಡಿ, ಕೇಳಿ ತಿಳಿಯುತ್ತಾರೆ.

4. ನಮ್ಮ ಹಸುವಿಗೆ ತಕ್ಕ ಲೆಕ್ಕ ಸಿಗುತ್ತದೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ರೂಪಿಸಿದ ಇ-ಗೋಪಾಲ ಆ್ಯಪ್ 2020ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಯಿತು. ಹಸುವಿನ ವಿವರ, ಹಾಲಿನ ಪ್ರಮಾಣ ಹಾಗೂ ನಮ್ಮಲ್ಲಿರುವ ಮೇವು, ಹಿಂಡಿಯ ಮಾಹಿತಿ ಕೊಟ್ಟರೆ ಕಡಿಮೆ ಖರ್ಚಿನ ಸಮತೋಲನ ಆಹಾರವನ್ನು ಲೆಕ್ಕ ಹಾಕುವ ಸೌಲಭ್ಯ ಇದರಲ್ಲಿದೆ.

ಮಕ್ಕಳ ಓದಿಗೂ ದಾರಿ

ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಸ್ವಯಂ ವೇದಿಕೆಯಲ್ಲಿ ಕಾಲೇಜು ಮಟ್ಟದ ಕೋರ್ಸ್‌ಗಳನ್ನು ಉಚಿತವಾಗಿ ಕಲಿಯಬಹುದು. ವಿಡಿಯೊ, ಓದುವ ಪಠ್ಯ, ಸ್ವಯಂ ಪರೀಕ್ಷೆ, ಪ್ರಶ್ನೆ ಕೇಳಿ ಚರ್ಚಿಸುವ ಅವಕಾಶ ಈ ನಾಲ್ಕೂ ಅಲ್ಲಿವೆ. ಪ್ರಮಾಣಪತ್ರ ಬೇಕಾದವರು ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. ಹೆಚ್ಚಿನ ಕೋರ್ಸ್‌ಗಳು ಇಂಗ್ಲಿಷ್‌ನಲ್ಲಿವೆ. ಆದ್ದರಿಂದ ಕಾಲೇಜಿಗೆ ಹೋಗುವ ಮಗನೋ ಮಗಳೋ ಕಲಿತು ಮನೆಯವರಿಗೆ ಕನ್ನಡದಲ್ಲಿ ವಿವರಿಸಿದರೆ ಇಬ್ಬರಿಗೂ ಲಾಭ.

ಒಂದು ವಾರಕ್ಕೆ ಒಂದೇ ಪಾಠ

ಒಂದೇ ದಿನ ಹತ್ತು ವಿಡಿಯೊ ನೋಡಿದರೆ ಒಂದೂ ತಲೆಯಲ್ಲಿ ಉಳಿಯುವುದಿಲ್ಲ. ವಾರಕ್ಕೆ ಒಂದು ವಿಷಯ ಆರಿಸಿಕೊಳ್ಳಿ. ಉದಾಹರಣೆಗೆ, ಹಸು ಬೆದೆಗೆ ಬಂದಿರುವುದನ್ನು ಗುರುತಿಸುವ ಪಾಠವನ್ನು ಹೀಗೆ ಕಲಿಯಬಹುದು.

ಮೊದಲ ದಿನ ಪಾಠ ನೋಡಿ. ಮೊಬೈಲ್ ಬದಿಗಿಟ್ಟು, ತಿಳಿದದ್ದನ್ನು ಮನೆಯವರಿಗೆ ಹೇಳಿ. ಹೇಳುವಾಗ ತಡವರಿಸಿದ ಭಾಗವನ್ನಷ್ಟೇ ಮತ್ತೆ ನೋಡಿ. ಬರೀ ಮತ್ತೆ ಮತ್ತೆ ನೋಡುವುದಕ್ಕಿಂತ ಹೀಗೆ ನೆನಪಿಸಿಕೊಂಡು ಹೇಳುವುದರಿಂದ ಪಾಠ ಚೆನ್ನಾಗಿ ಉಳಿಯುತ್ತದೆ.

ಎರಡನೇ ದಿನದಿಂದ ಬೆಳಿಗ್ಗೆ, ಸಂಜೆ ಹಸುವನ್ನು ಗಮನಿಸಿ. ಕೂಗುವುದು, ಮೇವು ಕಡಿಮೆ ತಿನ್ನುವುದು, ಹಾಲು ಇಳಿಯುವುದು, ತಿಳಿಯಾದ ಲೋಳೆ ಸುರಿಸುವುದು, ಬೇರೆ ಹಸು ಮೇಲೆ ಹತ್ತಿದಾಗ ಕದಲದೆ ನಿಲ್ಲುವುದು ಬೆದೆಯ ಲಕ್ಷಣಗಳು. ಬೆಳಿಗ್ಗೆ ಬೆದೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ದಿನಾಂಕ, ಹೊತ್ತು ಎರಡನ್ನೂ ಪುಸ್ತಕದಲ್ಲಿ ಬರೆದಿಡಿ. ಸುಮಾರು 21 ದಿನಗಳ ನಂತರ ಮತ್ತೆ ಬೆದೆಗೆ ಬರುತ್ತದೆಯೇ ನೋಡಿ. ಬಾರದಿದ್ದರೂ ಗಬ್ಬವಾಗಿದೆ ಎಂದು ನಂಬಿ ಕೂರದೆ, ಮೂರು ತಿಂಗಳಿಗೆ ಪಶುವೈದ್ಯರಿಂದ ಗರ್ಭ ಪರೀಕ್ಷೆ ಮಾಡಿಸಿ.

ಒಂದು ಬೆದೆ ಕಣ್ತಪ್ಪಿದರೆ 21 ದಿನದ ಮೇವು, ಹಿಂಡಿ, ದುಡಿಮೆ ವ್ಯರ್ಥ. ಕರು ಹಾಕುವುದೂ ಅಷ್ಟು ದಿನ ಹಿಂದಕ್ಕೆ ಹೋಗುತ್ತದೆ. 15 ನಿಮಿಷದ ಪಾಠದ ಬೆಲೆ ಇಲ್ಲಿ ತಿಳಿಯುತ್ತದೆ.

ಈ ಎಚ್ಚರಿಕೆಗಳು ಇರಲಿ

* ವಿಡಿಯೊ ಯಾರದು ಎಂದು ಮೊದಲು ನೋಡಿ. ಪಶುವೈದ್ಯಕೀಯ ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರ, ಪಶುಪಾಲನಾ ಇಲಾಖೆ, ಹಾಲು ಒಕ್ಕೂಟದಂತಹ ಸಂಸ್ಥೆಗಳ ಪಾಠಗಳಿಗೆ ಆದ್ಯತೆ ಕೊಡಿ. ಒಂದೇ ವಾರದಲ್ಲಿ ಹಾಲು ದುಪ್ಪಟ್ಟು ಎನ್ನುವವರನ್ನು ನಂಬಬೇಡಿ.

* ವಿಡಿಯೊ ನೋಡಿ ಚುಚ್ಚುಮದ್ದು ಕೊಡಬೇಡಿ. ಪ್ರತಿಜೀವಕ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೈರಿಗೆ ಹಾಕಬಾರದು, ಮನೆಯಲ್ಲೂ ಬಳಸಬಾರದು.

* ಹೊಟ್ಟೆ ಉಬ್ಬರಿಸಿದೆ ಎಂದು ನಾಲಿಗೆ ಹಿಡಿದೆಳೆದು ಎಣ್ಣೆ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ಹಸುವಿನ ಜೀವಕ್ಕೇ ಅಪಾಯವಾಗಬಹುದು. ತುರ್ತು ಹೊತ್ತಿನಲ್ಲಿ ವಿಡಿಯೊ ಹುಡುಕುತ್ತಾ ಕೂರದೆ ಪಶುವೈದ್ಯರನ್ನು ಕರೆಯಿರಿ, ಇಲ್ಲವೇ ಸಂಚಾರಿ ಪಶು ಚಿಕಿತ್ಸೆಗಾಗಿ 1962ಕ್ಕೆ ಕರೆ ಮಾಡಿ.

* ಪಾಠದಲ್ಲಿ ಬಂದ ಸಂದೇಹಕ್ಕೆ ಕಿಸಾನ್ ಕಾಲ್ ಸೆಂಟರ್‌ನ ಉಚಿತ ಸಂಖ್ಯೆ 1800-180-1551ರಲ್ಲಿ ಕನ್ನಡದಲ್ಲೇ ಉತ್ತರ ಕೇಳಬಹುದು.

ಸಂಘದಲ್ಲಿ ಒಟ್ಟಿಗೆ ಕಲಿಯೋಣ

ಎಲ್ಲರ ಮನೆಯಲ್ಲೂ ಸ್ಮಾರ್ಟ್‌ಫೋನ್ ಇಲ್ಲ, ಇದ್ದರೂ ಅದು ಹೆಚ್ಚಾಗಿ ಗಂಡಸರ ಜೇಬಿನಲ್ಲಿರುತ್ತದೆ. ಆದ್ದರಿಂದ ವಾರಕ್ಕೊಂದು ಸಂಜೆ ಹಾಲು ಅಳೆದಾದ ಮೇಲೆ ಸಂಘದ ಕಟ್ಟಡದಲ್ಲೇ ಒಂದು ಪಾಠವನ್ನು ಎಲ್ಲರೂ ಸೇರಿ ನೋಡಬಹುದು. ಕಾರ್ಯದರ್ಶಿಯವರು ಪ್ರಶ್ನೆಗಳನ್ನು ಬರೆದಿಟ್ಟುಕೊಂಡರೆ ವಿಸ್ತರಣಾಧಿಕಾರಿಗಳು ಬಂದಾಗ ಉತ್ತರ ಪಡೆಯಬಹುದು. ಹಸುವಿನ ಹತ್ತಿರ ಹೆಚ್ಚು ಹೊತ್ತು ಇರುವ ಅಕ್ಕ, ಅಮ್ಮ, ಸೊಸೆಯಂದಿರಿಗೆ ಮುಂದಿನ ಸಾಲಿನಲ್ಲಿ ಜಾಗ ಕೊಡೋಣ. ಅವರು ಕಲಿತರೆ ಆ ಪಾಠ ಅಂದೇ ಕೊಟ್ಟಿಗೆ ಸೇರುತ್ತದೆ.