ಗ್ರಾಮಸಭೆಯಲ್ಲಿ ನಮ್ಮ ಸಹಿ



‘ಗ್ರಾಮಸಭೆಗೆ ಗಂಡಸರು ಹೋಗ್ತಾರೆ ಬಿಡಿ’ ಎಂಬ ಮಾತು ನಂಜನಗೂಡು, ಟಿ. ನರಸೀಪುರದ ಹಳ್ಳಿಗಳಲ್ಲಿ ಹೊಸದಲ್ಲ. ಆದರೆ 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಮತದಾರರ ಪಟ್ಟಿಯಲ್ಲಿರುವ ಪ್ರತಿ ಹೆಣ್ಣುಮಗಳೂ ಗ್ರಾಮಸಭೆಯ ಸದಸ್ಯೆ. ಹಾಜರಿಯಲ್ಲಿ ನೂರಕ್ಕೆ 30ರಷ್ಟಾದರೂ ಮಹಿಳೆಯರಿರಬೇಕು. ಈ ಲೆಕ್ಕ ತುಂಬಿಸಲು ಯಾರಾದರೂ ಪುಸ್ತಕ ಮನೆಗೇ ತಂದು ‘ಒಂದು ಸಹಿ ಹಾಕಮ್ಮ’ ಅಂದರೆ ಏನು ಮಾಡ್ತೀರಿ?

ಸುಳ್ಳು ಸಾಕ್ಷಿ ಹೇಳಬಾರದು ಎಂಬುದು ದೇವರ ಹತ್ತು ಕಟ್ಟಳೆಗಳಲ್ಲೊಂದು. ಅದು ಕೋರ್ಟಿಗೆ ಸೇರಿದ್ದು ಅಂದ್ಕೊಂಡಿದ್ದೇವೆ. ನಾವು ಕೂರದ ಸಭೆಗೆ ಹಾಕಿದ ಸಹಿಯೂ ಸುಳ್ಳು ಸಾಕ್ಷಿಯೇ ಅಲ್ಲವೇ? ಮನೆ ಕೊಡುವ ಪಟ್ಟಿಗೆ ಗ್ರಾಮಸಭೆಯಲ್ಲೇ ಒಪ್ಪಿಗೆ ಆಗಬೇಕು. ಗುಡಿಸಲಲ್ಲಿರುವ ವಿಧವೆಯ ಹೆಸರು ಬಿಟ್ಟುಹೋದರೆ ಕೇಳೋರು ಯಾರು?

ಲೂಕನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ವಿಧವೆಯನ್ನು ನೋಡಿ. ಆ ನ್ಯಾಯಾಧೀಶನಿಗೆ ದೇವರ ಭಯವಿಲ್ಲ, ಜನರ ಲೆಕ್ಕವಿಲ್ಲ. ಆದರೂ ಬಿಡದೆ ಹೋಗಿ ನಿಂತಳು. ಬೇಡಿದ್ದು ದಾನವಲ್ಲ, ನ್ಯಾಯ! ಹೆಂಗಸರು ಸಾರ್ವಜನಿಕ ಜೀವನಕ್ಕೆ ಬರುತ್ತಿರುವುದು ಈ ಕಾಲದ ಗುರುತು ಎಂದು 1963ರಲ್ಲೇ ಪೋಪ್ 23ನೇ ಜಾನ್ ಬರೆದರು.

ಮುಂದಿನ ಗ್ರಾಮಸಭೆಗೆ ಹತ್ತು ಜನ ಒಟ್ಟಿಗೇ ಹೋಗಿ. ನಡಾವಳಿಯನ್ನು ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಹಾಕಿ. ಹೆಬ್ಬೆಟ್ಟು ಒತ್ತುವವರೂ ಅಷ್ಟೇ.