ಪ್ಯಾನೆಲ್ ಸ್ಪೀಕರಿನ ಮೇಲೆ ಡಗ್ಗಾದ ಹೊರೆ ಹೊರಿಸಬೇಡ

ತಮ್ಮಾ, ರಾಣೆಬೆನ್ನೂರಿನ ಮನೆಯಲ್ಲಿ ಆಳೆತ್ತರದ ಪ್ಯಾನೆಲ್ ಸ್ಪೀಕರ್ ತಂದು ನಿಲ್ಲಿಸಿದ್ದೀಯ. ದನಿ ಚೊಕ್ಕವಾಗಿದೆ, ಆದರೆ ಜೋರಿಲ್ಲ ಅನ್ನುವುದು ನಿನ್ನ ತಕರಾರು. ವಾಲ್ಯೂಮ್ ಇನ್ನಷ್ಟು ತಿರುವುವ ಮೊದಲು ನಾಲ್ಕು ಮಾತು ಕೇಳು.

ಜಾತ್ರೆಯ ಮೈಕ್‌ಸೆಟ್ಟಿನ ಹಾರ್ನ್‌ಗೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 105 ಡೆಸಿಬಲ್ ಆಸುಪಾಸು ಕೂಗುತ್ತದೆ. ಪ್ಯಾನೆಲ್ 85ರ ಆಚೀಚೆ. ನಡುವಿನ 20 ಡೆಸಿಬಲ್ ಅಂದರೆ ನೂರು ಪಟ್ಟು ವ್ಯಾಟ್. ಮಾಲು ಕೆಟ್ಟದ್ದೇನಲ್ಲ, ಅದನ್ನು ಮಾಡಿದ್ದೇ ಬೇರೆ ಕೆಲಸಕ್ಕೆ. 1957ರಲ್ಲಿ ಇಂಗ್ಲೆಂಡಿನ ಪೀಟರ್ ವಾಕರ್ ತಂದ ಕ್ವಾಡ್ ಪ್ಯಾನೆಲ್ ಇಂದಿಗೂ ಕಂಠದ ಸ್ವಚ್ಛತೆಗೆ ಹೆಸರುವಾಸಿ. ಮಿತಿಮೀರಿ ದುಡಿಸಿದರೆ ಒಳಗೆ ಕಿಡಿ ಹಾರಿ ದನಿ ಹೊರಡಿಸುವ ತೆಳು ಹಾಳೆ ಸುಟ್ಟುಕೊಳ್ಳುವುದಕ್ಕೂ ಅಷ್ಟೇ ಹೆಸರುವಾಸಿ.

ಅಂಗಡಿಯವನು ‘ದೊಡ್ಡ ಆಂಪ್ಲಿಫೈಯರ್ ಹಾಕ್ರಿ’ ಅಂದಿರುತ್ತಾನೆ. 50 ವ್ಯಾಟ್‌ನದನ್ನು ತೆಗೆದು 100ರದ್ದು ಹಾಕಿದರೆ ಸಿಗುವುದು ಬರೀ 3 ಡೆಸಿಬಲ್. ಕಿವಿಗೆ ಇಮ್ಮಡಿ ಅನ್ನಿಸಲು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ವ್ಯಾಟ್ ಲೆಕ್ಕಕ್ಕಿಂತ 4 ಓಮ್ ಹೊರೆಯನ್ನು ಬಿಸಿಯಾಗದೆ ತಾಳುತ್ತದೆಯೇ ಎಂದು ಕೇಳಿ ತಗೋ. ಸಣ್ಣ ಆಂಪ್ಲಿಫೈಯರನ್ನು ಕೊನೆಯವರೆಗೆ ತಿರುವಿದರೆ ಅದರ ದನಿ ಹರಿದು ಸ್ಪೀಕರಿಗೂ ಕೇಡು.

ನಿಜವಾದ ಗುಟ್ಟು ತಗ್ಗು ಸ್ವರದಲ್ಲಿದೆ. ಪ್ಯಾನೆಲ್ಲಿಗೆ ಪೆಟ್ಟಿಗೆ ಇಲ್ಲ. ಹಾಳೆ ಮುಂದೆ ತಳ್ಳಿದ ಗಾಳಿ ಅಂಚು ಸುತ್ತಿ ಹಿಂದಕ್ಕೆ ಹೋಗುತ್ತದೆ, ತಗ್ಗು ಸ್ವರ ಅಲ್ಲೇ ಕರಗುತ್ತದೆ. ಮೇಲಾಗಿ, ಸ್ವರ ಒಂದು ಸಪ್ತಕ ಕೆಳಗಿಳಿದರೆ ಅಷ್ಟೇ ಜೋರು ಕೇಳಿಸಲು ಹಾಳೆ ಕನಿಷ್ಠ ನಾಲ್ಕು ಪಟ್ಟು ಹೆಚ್ಚು ಅಲುಗಾಡಬೇಕು. ಅದಕ್ಕೆ ಅಷ್ಟು ಜಾಗವೇ ಇಲ್ಲ. ಹೀಗಾಗಿ ತಬಲಾ ಜೋಡಿಯ ಡಗ್ಗಾದ ಗುಮ್ಮೆನ್ನುವ ಏಟೇ ಅದರ ಮಿತಿ ಮುಗಿಸಿಬಿಡುತ್ತದೆ. ಗವಾಯಿಯ ದನಿಗೆ ಉಳಿಯುವುದು ಅಷ್ಟಕ್ಕಷ್ಟೆ. ಒಂದು ಒಳ್ಳೆಯ ಸಬ್‌ವೂಫರ್ ತಂದು 80 ಹರ್ಟ್ಸ್ ಕೆಳಗಿನದನ್ನೆಲ್ಲ ಅದಕ್ಕೆ ಒಪ್ಪಿಸು. ಬರೀ ಕೂಡಿಸಿದರೆ ಸಾಲದು, ಪ್ಯಾನೆಲ್ಲಿಗೆ ಹೋಗುವ ದಾರಿಯಲ್ಲಿ ಕ್ರಾಸ್‌ಓವರ್ ಹಾಕಿ ತಗ್ಗು ಸ್ವರ ತಡೆಯಲೇಬೇಕು. ಬಹಳ ಮಂದಿ ಇದನ್ನು ಬಿಟ್ಟುಬಿಟ್ಟು ಸಬ್‌ವೂಫರನ್ನೇ ಬೈಯುತ್ತಾರೆ.

ಇನ್ನು ಖರ್ಚಿಲ್ಲದ ಕೆಲಸಗಳು. ಪ್ಯಾನೆಲ್ಲನ್ನು ಹಿಂದಿನ ಗೋಡೆಯಿಂದ ಮೂರಡಿಯಾದರೂ ಮುಂದಕ್ಕೆ ತಾ. ಕುರ್ಚಿಯನ್ನು ಅದರ ಹತ್ತಿರಕ್ಕೆ ಎಳೆ. ಫ್ಯಾನ್ ನಿಲ್ಲಿಸು, ರಸ್ತೆ ಕಡೆಯ ಕಿಟಕಿ ಮುಚ್ಚು. ಪಿ.ಬಿ. ರಸ್ತೆಯ ಲಾರಿ ಸದ್ದು ಇಳಿದಷ್ಟೂ ಹಾಡು ಏರಿದಂತೆ ಕೇಳುತ್ತದೆ. ಇದಕ್ಕಿಂತ ಅಗ್ಗದ ವ್ಯಾಟ್ ಯಾವ ಅಂಗಡಿಯಲ್ಲೂ ಸಿಗದು.

ನಿನ್ನದು ವಿದ್ಯುತ್‌ಗೆ ಸಿಕ್ಕಿಸುವ ಎಲೆಕ್ಟ್ರೋಸ್ಟ್ಯಾಟಿಕ್ ಪ್ಯಾನೆಲ್ ಆಗಿದ್ದರೆ ಧೂಳಿನ ಬಗ್ಗೆ ಎಚ್ಚರ. ಹಾಳೆಯ ಮೇಲಿನ ಚಾರ್ಜು ಧೂಳನ್ನು ಎಳೆದುಕೊಳ್ಳುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ ಭರದಲ್ಲಿರುವಾಗ ಅಲ್ಲಿನ ಮನೆಗಳಲ್ಲಂತೂ ಕೇಳುವುದೇ ಬೇಡ. ಕೇಳಿ ಮುಗಿದ ಮೇಲೆ ಪ್ಲಗ್ ತೆಗೆದು ಬಟ್ಟೆ ಹೊದಿಸು. ಹಾಳೆಗೆ ತಂತಿ ಅಂಟಿಸಿದ ಮ್ಯಾಗ್ನೆಪ್ಲೇನರ್ ತರಹದ್ದಾದರೆ ಮಧ್ಯಾಹ್ನದ ಬಿಸಿಲು ಬೀಳದಂತೆ ನೋಡಿಕೋ, ಕಾವಿಗೆ ಅಂಟು ಬಿಟ್ಟು ಪ್ಯಾನೆಲ್ ಗಿರಗುಟ್ಟುತ್ತದೆ.

ಇದೆಲ್ಲ ಮಾಡಿದ ಮೇಲೆ ಪರೀಕ್ಷೆಗೆ ನಮ್ಮ ಕಡೆಯ ಹಾಡುಗಾರರೇ ಇದ್ದಾರೆ. ಪಂಚಾಕ್ಷರಿ ಗವಾಯಿಗಳು ಹುಟ್ಟಿದ ಕಾಡಶೆಟ್ಟಿಹಳ್ಳಿ ನಮ್ಮ ಹಾನಗಲ್ ತಾಲೂಕಿನದೇ; ಅವರ ಶಿಷ್ಯ ಪುಟ್ಟರಾಜರೂ ಈ ಸೀಮೆಯವರೇ. ಪುಟ್ಟರಾಜರ ವಚನಗಾಯನ ಹಚ್ಚಿ ಈ ಬದಲಾವಣೆಗಳನ್ನು ಪರೀಕ್ಷಿಸು. ಅವರ ಉಸಿರು ಕೇಳಿಸುವಷ್ಟು ಚೊಕ್ಕ ದನಿ ನಿನಗೆ ಸಾಕಾದರೆ ಪ್ಯಾನೆಲ್ ಇಟ್ಟುಕೋ. ‘ಅಲ್ಲ ಕಾಕಾ, ಮದುವೆ ಮನೆಯ ಡಿಜೆ ಹಾಗೆ ನೆಲ ನಡುಗಬೇಕು’ ಅನ್ನುತ್ತೀಯೋ, ಇದನ್ನು ಕೆಡಿಸುವ ಮೊದಲೇ ಒಳ್ಳೆಯ ಬೆಲೆಗೆ ಮಾರಿ ಪೆಟ್ಟಿಗೆ ಸ್ಪೀಕರ್ ತಗೋ.